ತಪ್ಪೇ ಇಲ್ಲದ ತಪ್ಪುಗಳ ಪುಸ್ತಕ

ಅಚ್ಚುಕೂಟದ ಹಿಂಭಾಗದಲ್ಲಿ, ಕಾಗದದ ರೀಮುಗಳನ್ನು ಒಟ್ಟಿದ ಉಗ್ರಾಣದ ಪಕ್ಕಕ್ಕೆ ಒಂದು ಸಣ್ಣ ಕೋಣೆಯಿತ್ತು. ಅಲ್ಲಿ ಒಂದು ಮೇಜು, ಮೇಜಿನ ಆಚೆ ಬೆನ್ನಿರುವ ಒಂದು ಕುರ್ಚಿ, ಈಚೆ ಬೆನ್ನಿಲ್ಲದ ಒಂದು ಸ್ಟೂಲು. ಆ ಮೇಜಿನ ಎರಡು ಬದಿಗೆ ಇಬ್ಬರು ಹೆಂಗಸರು ಹನ್ನೊಂದು ವರ್ಷ ಎದುರುಬದುರು ಕೂತು ಜಗಳವಾಡಿದರು. ಆ ಜಗಳದಲ್ಲಿ ಅವರ ಸ್ವಂತದ ಮಾತು ಒಂದೂ ಇರಲಿಲ್ಲ.

ಅವರ ಕೆಲಸದ ರೀತಿಯೇ ಅದಕ್ಕೆ ಅನುಕೂಲವಾಗಿತ್ತು. ಸ್ಟೂಲಿನಲ್ಲಿ ಕೂತವಳು ಗಿರಾಕಿಯ ಹಸ್ತಪ್ರತಿಯನ್ನು ಗಟ್ಟಿಯಾಗಿ ಓದಬೇಕು. ಕುರ್ಚಿಯಲ್ಲಿ ಕೂತವಳು ಅದನ್ನು ಕೇಳುತ್ತ, ಅಚ್ಚಿನ ಮೊಳೆ ಜೋಡಿಸಿ ತೆಗೆದ ಕರಡಿನ ಮೇಲೆ ಕಣ್ಣಿಟ್ಟು, ತಪ್ಪು ಕಂಡಲ್ಲಿ ಕೆಂಪು ಶಾಯಿಯಿಂದ ತಿದ್ದಬೇಕು. ಇಂಗ್ಲಿಷಿನ ಕೆಲಸವಾದರೆ ಕಷ್ಟದ ಪದಗಳನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳಬೇಕು. ಅಲ್ಪವಿರಾಮಕ್ಕೆ ಅಡಿಕೋಲಿನಿಂದ ಮೇಜಿಗೆ ಒಂದು ಬಡಿತ, ಪೂರ್ಣವಿರಾಮಕ್ಕೆ ಎರಡು, ಪ್ಯಾರಾ ಮುಗಿದರೆ ಮೂರು. ಬಾಯಿಂದ ಹೇಳಲಾಗದ್ದನ್ನೆಲ್ಲ ಸ್ಟೂಲಿನವಳು ಆ ಅಡಿಕೋಲಿನಿಂದ ಹೇಳುತ್ತಿದ್ದಳು. ಒಂದು ಅಲ್ಪವಿರಾಮದಲ್ಲಿ ಅಷ್ಟು ಸಿಟ್ಟು ಹಿಡಿಸಬಹುದೆಂದು ಮೂವತ್ತೆರಡು ವರ್ಷ ವ್ಯಾಕರಣ ಪಾಠ ಹೇಳಿದ ನನಗೂ ತಿಳಿದಿರಲಿಲ್ಲ.

ಕುರ್ಚಿಯವಳನ್ನು ಅಚ್ಚುಕೂಟದವರು ತಿದ್ದಮ್ಮ ಎನ್ನುತ್ತಿದ್ದರು, ಸ್ಟೂಲಿನವಳನ್ನು ಓದಮ್ಮ. ಓದಮ್ಮ ತಿದ್ದಮ್ಮನ ಗಂಡನ ಅಕ್ಕ. ಮದುವೆಯಾಗದೆ ತಮ್ಮನ ಮನೆಯಲ್ಲೇ ಉಳಿದವಳು. ಬೆಳಿಗ್ಗೆ ಇಬ್ಬರೂ ಒಂದೇ ಬಾಗಿಲಿನಿಂದ ಹೊರಟು, ರಸ್ತೆಯ ಎರಡು ಅಂಚಿನಲ್ಲಿ ನಡೆದು, ಒಂದೇ ಕೋಣೆಗೆ ಬಂದು ಸೇರುತ್ತಿದ್ದರು. ನಾನೂ ಅದೇ ಬೀದಿಯವನು. ತಿದ್ದಮ್ಮನ ಗಂಡ ಗಡಿಯಾರ ರಿಪೇರಿಯವನು, ನನ್ನ ಹಳೆಯ ಶಿಷ್ಯ. ಕೆಟ್ಟ ಗಡಿಯಾರ ಹಿಡಿದು ನಾನು ಆ ಮನೆಗೆ ಹೋದಾಗಲೆಲ್ಲ ಇಂಥ ಮಾತು ಕೇಳಿಸುತ್ತಿತ್ತು:

"ನಿನ್ನ ಹೆಂಡ್ತಿಗೆ ಹೇಳು, ಹಾಲು ಉಕ್ತಾ ಇದೆ ಅಂತ."

"ಕಣ್ಣಿಗೆ ಕಂಡೋರು ಕೈಯಿಂದ ಒಲೆ ಆರಿಸಬಹುದು ಅಂತ ನಿಮ್ಮಕ್ಕಂಗೆ ಹೇಳ್ರಿ."

ಗಡಿಯಾರದವನು ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿಯನ್ನೂ ತೆಗೆಯದೆ, "ಹಾಲಪ್ಪಾ, ನೀನೇ ಇಳಿದುಬಿಡು ತಂದೆ" ಅನ್ನುತ್ತಿದ್ದ. ಹಾಲು ಒಲೆಯ ಮೇಲೆ ಸುರಿದು ಸುಟ್ಟ ವಾಸನೆ ಬರುತ್ತಿತ್ತು. ಇಬ್ಬರೂ ಏಳುತ್ತಿರಲಿಲ್ಲ. ಅವರಿಬ್ಬರ ನಡುವೆ ಅವಳು, ಅವರು ಎಂಬ ಮಾತುಗಳಷ್ಟೇ ಓಡಾಡುತ್ತಿದ್ದವು. ಅವರ ವ್ಯಾಕರಣದಿಂದ ನೀನು, ನೀವು ಎಂಬ ಮಧ್ಯಮ ಪುರುಷ ಬಿಟ್ಟುಹೋಗಿತ್ತು.

ಇದಕ್ಕೆಲ್ಲ ಕಾರಣ ಆ ಕುರ್ಚಿ.

ಅಚ್ಚುಕೂಟಕ್ಕೆ ಮೊದಲು ಸೇರಿದವಳು ಓದಮ್ಮ. ಅಚ್ಚಾದ ಹಾಳೆ ಮಡಚುವ ವಿಭಾಗದಲ್ಲಿ ಆರು ವರ್ಷ ದುಡಿದಿದ್ದಳು. ಕರಡು ತಿದ್ದುತ್ತಿದ್ದ ಮುದುಕರು ಕಣ್ಣು ಮಂಜಾಗಿ ಕೆಲಸ ಬಿಟ್ಟಾಗ ಕುರ್ಚಿ ಖಾಲಿಯಾಯಿತು. ಬೇಕಾದವರು ಇಂಗ್ಲಿಷಿನಲ್ಲಿ ಅರ್ಜಿ ಬರೆದುಕೊಡಿ ಅಂದರು ಯಜಮಾನರು. ಓದಮ್ಮ ನಾಲ್ಕು ದಿನ ಕೂತು ಅರ್ಜಿ ಬರೆದಳು. ಆಗಷ್ಟೇ ಮನೆಗೆ ಸೊಸೆಯಾಗಿ ಬಂದಿದ್ದ ತಿದ್ದಮ್ಮ ಅವಳಿಗಿಂತ ಹೆಚ್ಚು ಓದಿದವಳು. ಆಗ ಅವರಿಬ್ಬರಲ್ಲಿ ಮಾತಿತ್ತು. "ಒಂದ್ಸಲ ಕಣ್ಣು ಹಾಯಿಸು" ಎಂದು ಓದಮ್ಮ ಅರ್ಜಿಯನ್ನು ಅವಳ ಕೈಗೆ ಕೊಟ್ಟಳು. ತಿದ್ದಮ್ಮ ಓದಿ, ಮಡಚಿ, "ಚೆನ್ನಾಗಿದೆ ಅತ್ತಿಗೆ" ಎಂದು ಹಿಂದಕ್ಕೆ ಕೊಟ್ಟಳು.

ಚೆನ್ನಾಗಿರಲಿಲ್ಲ. ಮೂರು ತಪ್ಪಿದ್ದವು. ಗ್ರಾಮರ್ ಎಂಬ ಪದದ ಕೊನೆಯಲ್ಲಿ ಎ ಇರಬೇಕಾದಲ್ಲಿ ಇ ಇತ್ತು. ನನಗೆ ಗ್ರಾಮರ್ ಚೆನ್ನಾಗಿ ಬರುತ್ತದೆ ಎಂದು ಹೇಳುವ ವಾಕ್ಯ ಅದು. ಯಜಮಾನರು ಅದನ್ನು ಹಾಳೆ ಮಡಚುವವರ ಮುಂದೆ ಗಟ್ಟಿಯಾಗಿ ಓದಿ ನಕ್ಕರು. ಉಳಿದವರು ಏನೆಂದು ತಿಳಿಯದಿದ್ದರೂ ನಕ್ಕರು. ಎರಡು ದಿನ ಬಿಟ್ಟು ತಿದ್ದಮ್ಮನೇ ಒಂದು ಅರ್ಜಿ ಹಾಕಿದಳು. ಅದರಲ್ಲಿ ತಪ್ಪಿರಲಿಲ್ಲ. ಕುರ್ಚಿ ಅವಳದಾಯಿತು. ಓದಮ್ಮನಿಗೆ ಸಮಾಧಾನಕ್ಕೆಂದು ಸ್ಟೂಲು ಕೊಟ್ಟರು.

"ನೋಡಿ ಸುಮ್ಮನಿದ್ದಳು ಮೇಷ್ಟ್ರೇ" ಎಂದು ಓದಮ್ಮ ನನ್ನ ಮನೆಯ ಮೆಟ್ಟಿಲ ಮೇಲೆ ಕೂತು ಎಷ್ಟು ಸಲ ಹೇಳಿದ್ದಾಳೋ. "ಮೂರೂ ಕಂಡಿತ್ತು. ಕಂಡೂ ಮಡಚಿಕೊಟ್ಟಳು. ಬಾಯಿಗೆ ಬೀಗ ಹಾಕ್ಕೊಂಡು ನನ್ನ ಕುರ್ಚಿ ಹೊಡೆದಳು."

ತಿದ್ದಮ್ಮನನ್ನು ಕೇಳಿದರೆ ಮುಖ ಆಚೆ ತಿರುಗಿಸಿ, "ಬರೆದೋರಿಗೆ ಬರಬೇಕಿತ್ತು" ಅನ್ನುತ್ತಿದ್ದಳು. ಅಷ್ಟೇ.

ಆದರೆ ಕೆಲಸದಲ್ಲಿ ಅವಳಿಗೆ ಅವಳೇ ಸಾಟಿ. ಇದನ್ನು ನಾನು ಮನಸಾರೆ ಹೇಳುತ್ತೇನೆ. ತಪ್ಪನ್ನು ಹಿಡಿಯುವವರು ಎಷ್ಟೋ ಜನರಿದ್ದಾರೆ. ತಪ್ಪು ಬರೆದವನ ಮನಸ್ಸಿನಲ್ಲಿ ಇದ್ದ ಪದ ಯಾವುದೆಂದು ಕಂಡುಹಿಡಿಯುವುದು ಬೇರೆ ವಿದ್ಯೆ. ಒಮ್ಮೆ ಶಾಲೆಯ ವಾರ್ಷಿಕ ವರದಿ ಅಚ್ಚಿಗೆ ಕೊಡಲು ಹೋದಾಗ ನಾನು ಜೇಬಿನಿಂದ ಒಂದು ಚೀಟಿ ತೆಗೆದು ಅವಳ ಮುಂದಿಟ್ಟೆ. ಒಬ್ಬ ಹುಡುಗಿ ವರ್ಷಗಳ ಹಿಂದೆ ತನ್ನ ಪುಸ್ತಕದಲ್ಲಿ ಬರೆದಿದ್ದ ಪದ ಅದು. ಡಬ್ಲ್ಯೂ, ಯು, ಎನ್, ಎಸ್, ಪಿ, ಯು, ಎನ್, ಎ, ಟಿ, ಐ, ಎಂ. ನಾಲ್ಕು ನಿಘಂಟು ತಿರುವಿದರೂ ನನಗೆ ಸಿಕ್ಕಿರಲಿಲ್ಲ. ತಿದ್ದಮ್ಮ ಅದನ್ನು ತುಟಿಯಲ್ಲೇ ಒಂದು ಸಲ ಓದಿಕೊಂಡಳು.

"ವನ್ಸ್ ಅಪಾನ್ ಎ ಟೈಮ್, ಮೇಷ್ಟ್ರೇ" ಅಂದಳು. "ಒಂದಾನೊಂದು ಕಾಲದಲ್ಲಿ. ಮಗು ಕಥೆ ಶುರು ಮಾಡಿದೆ, ನೀವು ಪದ ಹುಡುಕ್ತಾ ಕೂತಿದ್ದೀರಿ."

ನನಗೆ ನಾಚಿಕೆಯೂ ಆಯಿತು, ಸಂತೋಷವೂ ಆಯಿತು. ಎದುರಿಗಿದ್ದ ಓದಮ್ಮ ಅಡಿಕೋಲನ್ನು ಠಪ್ಪೆಂದು ಮೇಜಿಗೆ ಬಡಿದಳು. ಕೆಲಸ ನಿಂತಿದೆ, ಶುರುಮಾಡು ಎಂದು ಅದರ ಅರ್ಥ.

ನಿವೃತ್ತನಾದ ಮೇಲೆ ನನಗೆ ಒಂದು ಪುಸ್ತಕದ ಯೋಚನೆ ಬಂತು. ಮಕ್ಕಳಿಗೆ ನಿಘಂಟು ಕೊಟ್ಟು ನೋಡಿಕೊಳ್ಳಿ ಅನ್ನುತ್ತೇವೆ. ನಾಲೆಜ್ ಪದ ಕೆ ಅಕ್ಷರದಲ್ಲಿ ಅಡಗಿದೆಯೆಂದು ಗೊತ್ತಿದ್ದವನಿಗೆ ನಿಘಂಟೇ ಬೇಕಿಲ್ಲ. ಗೊತ್ತಿಲ್ಲದವನು ಎನ್ ಅಕ್ಷರದ ಪುಟಗಳಲ್ಲಿ ಹುಡುಕಿ ಹುಡುಕಿ ಸೋಲುತ್ತಾನೆ. ಹಾಗಾಗಿ ತಪ್ಪುಗಳನ್ನೇ ಅಕಾರಾದಿಯಾಗಿ ಜೋಡಿಸಿದ ಪುಸ್ತಕವೊಂದು ಇರಲಿ ಅಂದುಕೊಂಡೆ. ಎಡಗಡೆ ಮಕ್ಕಳು ಬರೆಯುವ ತಪ್ಪು, ಬಲಗಡೆ ಅವರ ಮನಸ್ಸಿನಲ್ಲಿದ್ದ ಪದ. ಮೂವತ್ತೆರಡು ವರ್ಷ ತಿದ್ದಿದ ಪುಸ್ತಕಗಳಿಂದ ಎಂಟುನೂರು ತಪ್ಪು ಆರಿಸಿದೆ. ಸೆಪರೇಟ್, ಟುಮಾರೊ, ಗವರ್ನಮೆಂಟ್, ಬಿಲೀವ್, ಒಂದೊಂದಕ್ಕೂ ಎರಡು ಮೂರು ಬಗೆಯ ತಪ್ಪು. ಆ ಹುಡುಗಿಯ ಕಥೆಯ ಆರಂಭವನ್ನೂ ಡಬ್ಲ್ಯೂ ಅಕ್ಷರದ ಕೆಳಗೆ ಸೇರಿಸಿದೆ. ಹಸ್ತಪ್ರತಿಯನ್ನು ಯಜಮಾನರ ಕೈಗೆ ಕೊಟ್ಟೆ.

"ಪುಟ ಕಟ್ಟಿದ ಮೇಲೆ ಕೊನೇ ಕರಡು ನೀವು ನೋಡ್ತೀರಾ ಮೇಷ್ಟ್ರೇ?" ಎಂದು ಅವರು ಕೇಳಿದರು.

"ತಿದ್ದಮ್ಮ ನೋಡಿದ ಮೇಲೆ ನಾನು ನೋಡೋದು ಏನಿದೆ?" ಅಂದುಬಿಟ್ಟೆ. ನನ್ನ ಪಾಲಿನ ತಪ್ಪು ಅದು. ಅದನ್ನು ನಾನೇ ಮೊದಲು ಬರೆದಿಡುತ್ತೇನೆ.

ಮುಂದಿನದೆಲ್ಲ ನನಗೆ ಆಮೇಲೆ ತಿಳಿದದ್ದು. ಎರಡು ಕಾಲಮಿನ ಪುಟವನ್ನು ಒಟ್ಟಿಗೆ ಜೋಡಿಸುವುದು ತಲೆನೋವಿನ ಕೆಲಸವೆಂದು ಮೊಳೆ ಜೋಡಿಸುವವನು ಎಡಗಡೆಯದನ್ನೆಲ್ಲ ಉದ್ದನೆಯ ಒಂದು ಪಟ್ಟಿಯಾಗಿ ಮೊದಲು ಜೋಡಿಸಿ ಕರಡು ತೆಗೆದ. ಪುಸ್ತಕದ ಹೆಸರು, ಮುನ್ನುಡಿಗಳನ್ನು ಅಚ್ಚುಕೂಟದಲ್ಲಿ ಯಾವಾಗಲೂ ಕೊನೆಗೆ ಜೋಡಿಸುವುದು. ಹೀಗಾಗಿ ತಿದ್ದಮ್ಮನ ಮೇಜಿಗೆ ಬಂದದ್ದು ತಲೆಬರಹವಿಲ್ಲದ, ಹೆಸರಿಲ್ಲದ ಎಂಟುನೂರು ಪದಗಳ ಪಟ್ಟಿ. ಒಂದು ಪದವೂ ನೆಟ್ಟಗಿಲ್ಲ. ಮೊಳೆ ಜೋಡಿಸುವವನು ಮೊದಲೇ ತಪ್ಪಿಗೆ ಹೆಸರಾದವನು. ಈ ಸಲ ತನ್ನ ದಾಖಲೆಯನ್ನೇ ಮುರಿದ ಅಂದುಕೊಂಡ ತಿದ್ದಮ್ಮ ಹಲ್ಲು ಕಡಿದು, ಕೆಂಪು ಶಾಯಿಯ ಹೊಸ ಬಾಟಲಿ ತೆರೆದು ಕೂತಳು.

ಹಸ್ತಪ್ರತಿ ಇದ್ದದ್ದು ಓದಮ್ಮನ ಕೈಯಲ್ಲಿ. ಮೊದಲ ಹಾಳೆಯಲ್ಲೇ ಇದು ತಪ್ಪುಗಳ ಪುಸ್ತಕವೆಂದು ದಪ್ಪಕ್ಷರದಲ್ಲಿ ಬರೆದಿದ್ದೆ. ಅವಳು ಒಂದೊಂದು ತಪ್ಪನ್ನೂ ಗಂಟೆ ಬಾರಿಸಿದಂತೆ ಅಕ್ಷರ ಬಿಡಿಸಿ ಓದಿದಳು. ಎಸ್, ಇ, ಪಿ, ಇ, ಆರ್, ಎ, ಟಿ, ಇ. ಎದುರಿಗೆ ಕೆಂಪು ಪೆನ್ನು ಎರಡನೆಯ ಇ ಹೊಡೆದು ಎ ಮಾಡಿತು. ಓದಮ್ಮ ನೋಡಿದಳು. ಅಚ್ಚುಕೂಟದವರಿಗೆ ತಲೆಕೆಳಗಾದ ಅಕ್ಷರ ಓದುವುದು ನೀರು ಕುಡಿದಷ್ಟು ಸಲೀಸು. ಮುಂದಿನ ಪದವನ್ನು ಓದಿದಳು. ಅದೂ ಸರಿಯಾಯಿತು. ಮೂರು ದಿನ ಅವಳು ತಪ್ಪನ್ನು ಓದಿದಳು, ಇವಳು ಕೇಳದೆ ತಿದ್ದಿದಳು.

ಎರಡು ವಾರ ಬಿಟ್ಟು ಬಲಗಡೆಯ ಪಟ್ಟಿ ಬಂತು. ತಾನು ತಿದ್ದಿದ್ದೇ ಸರಿಯಾಗಿ ಮತ್ತೆ ಬಂದಿದೆ ಅಂದುಕೊಂಡು ತಿದ್ದಮ್ಮ ಅದಕ್ಕೆ ಸಹಿ ಹಾಕಿದಳು. ಹೆಸರು, ಮುನ್ನುಡಿ ಸೇರಿಸಿ ಪುಟ ಕಟ್ಟಿದ ಕೊನೆಯ ಕರಡನ್ನು, ನಾನು ಬೇಡವೆಂದದ್ದರಿಂದ, ಯಾರೂ ನೋಡಲಿಲ್ಲ.

ಪುಸ್ತಕದ ಕಟ್ಟು ಮನೆಗೆ ಬಂದ ದಿನ ನಾನು ಹೊಸ ಅಂಗಿ ಹಾಕಿಕೊಂಡಿದ್ದೆ. ಮೇಲಿನ ಪ್ರತಿ ತೆಗೆದು ಮಧ್ಯಕ್ಕೆ ಬಿಡಿಸಿದೆ. ಎಡಗಡೆ ಟುಮಾರೊ, ಬಲಗಡೆ ಟುಮಾರೊ. ಎರಡೂ ಸರಿ. ಅದರ ಕೆಳಗೆ ಮತ್ತೆ ಟುಮಾರೊ, ಅದೂ ಸರಿ, ಅದರ ಎದುರಿನದೂ ಸರಿ. ಕನ್ನಡಕ ಒರೆಸಿಕೊಂಡು ಇನ್ನೊಂದು ಪುಟ ತಿರುಗಿಸಿದೆ. ತಪ್ಪುಗಳ ಪುಸ್ತಕದಲ್ಲಿ ಒಂದೂ ತಪ್ಪಿರಲಿಲ್ಲ. ಒಂದೇ ಪದವನ್ನು ಎರಡೆರಡು ಸಲ ಬರೆದ ಎಂಟುನೂರು ಸಾಲು! ಕನ್ನಡಿಯ ಮುಂದೆ ಕೂತು ಮಾತಾಡುವ ಹುಚ್ಚನ ಪುಸ್ತಕದ ಹಾಗಿತ್ತು.

ಒಂದು ಪ್ರತಿ ಕಂಕುಳಲ್ಲಿ ಇಟ್ಟುಕೊಂಡು ಅಚ್ಚುಕೂಟಕ್ಕೆ ಹೋದೆ. ಯಜಮಾನರು ನಾಲ್ಕು ಪುಟ ನೋಡಿ, ಐದನೆಯದು ತಿರುಗಿಸದೆ ಮೂವರನ್ನೂ ಕರೆಸಿದರು.

ಮೊಳೆ ಜೋಡಿಸುವವನು ಬಾಗಿಲಲ್ಲೇ ಕೈ ತೊಳೆದುಕೊಂಡ. "ನಾನು ಪ್ರತಿಯಲ್ಲಿ ಇದ್ದ ಹಾಗೇ ಜೋಡಿಸಿದ್ದೆ ಸ್ವಾಮಿ. ಒಂದಕ್ಷರ ಆಚೀಚೆ ಮಾಡಿರಲಿಲ್ಲ. ಹುಟ್ಟಿದ ಮೇಲೆ ಅಷ್ಟು ಹುಷಾರಾಗಿ ಯಾವತ್ತೂ ಜೋಡಿಸಿರಲಿಲ್ಲ. ಕೆಂಪು ಶಾಯಿ ಬಂತು, ಬದಲಾಯಿಸು ಅಂತು, ಬದಲಾಯಿಸಿದೆ." ಅವನನ್ನು ಕಳಿಸಿದರು.

"ನಿಮ್ಮಿಬ್ಬರಲ್ಲಿ ಒಬ್ಬರ ಕೆಲಸ ಇದು" ಅಂದರು ಯಜಮಾನರು. "ಸಂಜೆಯೊಳಗೆ ಒಬ್ಬರು ಮನೆಗೆ. ಯಾರು ಅಂತ ಮೇಷ್ಟ್ರೇ ಹೇಳಲಿ."

ಕುರ್ಚಿ ಹೋದರೆ ತಿದ್ದಮ್ಮನ ಪಾಡೇನೆಂದು ನನಗೆ ಗೊತ್ತಿತ್ತು. "ನಾನು ಹೇಳಿದ್ದೇ ಕೊನೆ ಅನ್ನೋ ಜಾಗ ಲೋಕದಲ್ಲಿ ನನಗೆ ಅದೊಂದೇ ಮೇಷ್ಟ್ರೇ" ಎಂದು ಹಿಂದೊಮ್ಮೆ ಹೇಳಿದ್ದಳು. ದೊಡ್ಡ ದೊಡ್ಡ ವಕೀಲರು, ವೈದ್ಯರು ಬರೆದದ್ದನ್ನು ಅವಳು ಹೊಡೆದುಹಾಕಿದರೆ ಅವರು ಮರುಮಾತಿಲ್ಲದೆ ಒಪ್ಪುತ್ತಿದ್ದರು. ಮನೆಯಲ್ಲಿ ಅವಳು ಇಟ್ಟ ಲೋಟವನ್ನು ಓದಮ್ಮ ಎತ್ತಿ ಬೇರೆ ಕಡೆ ಇಡುತ್ತಿದ್ದಳು.

ತಿದ್ದಮ್ಮ ಮೊದಲು ಬಾಯಿ ಬಿಟ್ಟಳು. ಅತ್ತಿಗೆಯ ಕಡೆ ನೋಡದೆ, ಯಜಮಾನರ ಮೇಜಿನ ಮೇಲಿದ್ದ ಕಾಗದ ಒತ್ತುವ ಗುಂಡಿಗೆ ಹೇಳಿದಳು. "ಪ್ರತಿ ಅವರ ಕೈಲಿತ್ತು. ತಪ್ಪುಗಳ ಪುಸ್ತಕ ಅಂತ ಬರೆದಿತ್ತಂತೆ. ನಾನು ತಿದ್ದೋದು ಮೂರು ದಿನ ಎದುರಿಗೇ ಕೂತು ನೋಡಿದ್ದಾರೆ. ಹೇಳಬೇಕಾಗಿತ್ತೋ ಇಲ್ವೋ ಕೇಳಿ."

"ಪ್ರತಿಯಲ್ಲಿ ಇಲ್ಲದ ಮಾತು ನಾನು ಯಾಕೆ ಆಡಲಿ?" ಅಂದಳು ಓದಮ್ಮ. ಅವಳು ಆ ಗುಂಡಿಗೂ ಹೇಳಲಿಲ್ಲ, ಕಿಟಕಿಗೆ ಹೇಳಿದಳು. "ನನ್ನ ಕೆಲಸ ಓದೋದು, ಓದಿದೆ. ಒಂದೊಂದು ತಪ್ಪನ್ನೂ ಬಿಡಿಸಿ ಬಿಡಿಸಿ ಓದಿದೆ. ಉಗ್ರಾಣದಲ್ಲಿ ಕಾಗದ ಎಣಿಸೋನಿಗೂ ಕೇಳಿಸಿತ್ತು, ಕರೆಸಿ ಕೇಳಿ. ಕುರ್ಚಿಲಿ ಕೂತ ಮಹಾರಾಣಿಗೆ ಕೇಳಿಸಲಿಲ್ಲ ಅಂದ್ರೆ ನನ್ನ ತಪ್ಪಾ? ಹನ್ನೊಂದು ವರ್ಷದಿಂದ ನನ್ನ ದನಿ ಕಿವಿಗೆ ಹಾಕ್ಕೊಂಡಿಲ್ಲ ಅವಳು. ತನ್ನ ತಲೆಯಿಂದಲೇ ತಿದ್ದೋದು. ಸರಿಹೋಗ್ತಾ ಇತ್ತು, ಯಾರಿಗೂ ಗೊತ್ತಾಗಲಿಲ್ಲ. ಈಗ ಗೊತ್ತಾಯ್ತು."

"ಸುಳ್ಳು!" ಅಂದಳು ತಿದ್ದಮ್ಮ.

ನಾನು ಪುಸ್ತಕದ ಕೊನೆಯ ಪುಟಗಳಲ್ಲಿ ಡಬ್ಲ್ಯೂ ಅಕ್ಷರ ತೆಗೆದು ಅವಳ ಮುಂದೆ ಹಿಡಿದೆ. ಎಡಗಡೆ ವನ್ಸ್ ಅಪಾನ್ ಎ ಟೈಮ್, ಬಲಗಡೆಯೂ ಅದೇ. ಯಾವ ತಪ್ಪಿನೊಳಗಿಂದ ಮಗುವಿನ ಮಾತನ್ನು ತಿದ್ದಮ್ಮನೇ ನನಗೆ ಹೆಕ್ಕಿಕೊಟ್ಟಿದ್ದಳೋ ಅದರ ಹನ್ನೊಂದು ಅಕ್ಷರವನ್ನು ಓದಮ್ಮ ಒಂದೊಂದಾಗಿ ಓದಿದ್ದಳು. ಪ್ರತಿಯಲ್ಲೇ ಹಾಗಿದೆಯೆಂದು ಕಿವಿಗೆ ಬಿದ್ದಿದ್ದರೆ ತಿದ್ದಮ್ಮನ ಕೈ ಅಲ್ಲೇ ನಿಲ್ಲುತ್ತಿತ್ತು. ತಿದ್ದಮ್ಮ ಆ ಸಾಲನ್ನು ನೋಡಿದಳು. ಕೋಪದಿಂದ ಕೆಂಪಾಗಿದ್ದ ಮುಖ ಬಿಳಿಚಿಕೊಂಡಿತು.

"ಕೇಳಿರಲಿಲ್ಲ" ಅಂದಳು ಸಣ್ಣಗೆ. "ಆ ದನಿ ಕೇಳಿದ್ರೆ ಮೈ ಉರಿಯುತ್ತೆ. ಕೇಳದೆ ಇರೋದು ಅಭ್ಯಾಸ ಆಗಿತ್ತು."

"ಬರೆದುಕೊಳ್ಳಿ!" ಎಂದು ಓದಮ್ಮ ಮೇಜು ಬಡಿದಳು. ಅಡಿಕೋಲಿಲ್ಲದ್ದರಿಂದ ಅಂಗೈಯಿಂದ. "ಆವತ್ತು ನನ್ನ ಅರ್ಜಿಯ ತಪ್ಪು ನೋಡಿ ಅವಳು ಸುಮ್ಮನಿದ್ದಳು. ಈವತ್ತು ಅವಳ ತಪ್ಪು ನೋಡಿ ನಾನು ಸುಮ್ಮನಿದ್ದೆ. ಎಂಟುನೂರು ತಪ್ಪು ಕಣ್ಣಾರೆ ನೋಡಿದೆ, ಮೇಷ್ಟ್ರೇ. ಮೂರು ದಿನ ಚೆನ್ನಾಗಿ ನಿದ್ದೆ ಬಂತು."

"ನನ್ನ ಪುಸ್ತಕ ಏನು ಮಾಡಿತ್ತಮ್ಮಾ?" ಅಂದೆ ನಾನು. ಓದಮ್ಮ ಮೊದಲ ಸಲ ತಲೆ ತಗ್ಗಿಸಿದಳು.

ನಾನು ತಿದ್ದಮ್ಮನ ಕಡೆ ತಿರುಗಿದೆ. "ಆವತ್ತು ಕಂಡಿತ್ತೇನಮ್ಮಾ? ಆ ಅರ್ಜಿಯಲ್ಲಿ?"

ಹೊರಗೆ ಯಂತ್ರ ಧಡಧಡ ಓಡುತ್ತಿತ್ತು. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು.

"ಮೂರರಲ್ಲಿ ಒಂದು ಕಂಡಿತ್ತು. ಗ್ರಾಮರ್. ಇನ್ನೆರಡು ನಿಜವಾಗಲೂ ಕಾಣಲಿಲ್ಲ. ಆಗ ನನಗೂ ಅಷ್ಟೇ ಬರ್ತಾ ಇದ್ದದ್ದು. ಕಂಡ ಒಂದನ್ನೂ ಹೇಳಲಿಲ್ಲ. ಇದ್ದದ್ದು ಒಂದೇ ಕುರ್ಚಿ."

"ಮೂರಕ್ಕೂ ಸೇರಿಸಿ ಹನ್ನೊಂದು ವರ್ಷ ಬೈದೆ" ಅಂದಳು ಓದಮ್ಮ, ಕಿಟಕಿಗೆ. "ಒಂದಕ್ಕೆ ಬೈದದ್ದು ಸರಿಯಾಯ್ತು. ಇನ್ನೆರಡರದ್ದು ವಾಪಸ್ ತಗೊಳ್ಳೋಲ್ಲ."

ಯಜಮಾನರು ನನ್ನ ಮುಖ ನೋಡಿದರು. ಯಾರನ್ನೂ ಕಳಿಸಬೇಡಿ ಎಂದು ನಾನು ಕೇಳಿಕೊಂಡೆ. ತಪ್ಪಿತಸ್ಥರನ್ನೆಲ್ಲ ಕಳಿಸುವುದಾದರೆ ಕೊನೆಯ ಕರಡು ನೋಡದ ನಾನೇ ಮೊದಲು ಹೊರಡಬೇಕು ಎಂದೆ. ಅವರು ನಗಲಿಲ್ಲ.

"ಆಯ್ತು. ಪುಸ್ತಕ ಮತ್ತೆ ಮೊದಲಿಂದ" ಅಂದರು. ಓದಮ್ಮನಿಗೆ, "ನೀವು ಕುರ್ಚಿಗೆ ಹೋಗಿ" ಎಂದರು. ತಿದ್ದಮ್ಮನಿಗೆ, "ನೀನು ಸ್ಟೂಲಿಗೆ. ನೀನು ಓದು, ಅವರು ತಿದ್ದಲಿ. ಈ ಸಲ ಒಂದೇ ಒಂದು ತಪ್ಪು ಉಳಿದ್ರೂ ತಿದ್ದಿದೋರು ಮನೆಗೆ ಹೋಗ್ತಾರೆ, ಕುರ್ಚಿ ಮತ್ತೆ ನಿನ್ನದು. ಉಳೀಲಿಲ್ವಾ, ಕುರ್ಚಿ ಅವರದ್ದೇ. ಮೇಷ್ಟ್ರೇ, ನೀವು ಪಕ್ಕದಲ್ಲೇ ಕೂತಿರಿ" ಎಂದರು.

ಓದಮ್ಮನ ಮುಖದಲ್ಲಿ ಗೆದ್ದ ಕಳೆ ಒಂದು ಕ್ಷಣ ಬಂತು. ಮರುಕ್ಷಣವೇ ಅದು ಭಯವಾಯಿತು. ಹನ್ನೊಂದು ವರ್ಷ ಬಯಸಿದ ಕುರ್ಚಿಯ ತುದಿಯಲ್ಲಿ ಅವಳು ಕೂತ ರೀತಿ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಬೇರೆಯವರ ಮನೆಯಲ್ಲಿ ಕೂತ ಹಾಗೆ ಕೂತಿದ್ದಳು, ಬೆನ್ನು ತಾಗಿಸಿರಲಿಲ್ಲ.

ಮೊಳೆ ಜೋಡಿಸುವವನು ಎಡಗಡೆಯ ಪಟ್ಟಿಯನ್ನು ಮತ್ತೆ ಜೋಡಿಸಿ ತಂದ. ಈ ಪಟ್ಟಿಯಲ್ಲಿ ತಪ್ಪೆಂದರೆ ಸರಿಯಾದ ಪದ. ಒಂದು ಪದವಾದರೂ ನೆಟ್ಟಗೆ ಬಂದಿದ್ದರೆ ಅದನ್ನು ಹಿಡಿದು, ಪ್ರತಿಯಲ್ಲಿ ಇದ್ದಂತೆ ಕೆಡಿಸಬೇಕು. ತಿದ್ದಮ್ಮ ಅಡಿಕೋಲು ಕೈಗೆತ್ತಿಕೊಂಡಳು. ಮೊದಲ ಪದ ಓದಿ ಮೇಜಿಗೆ ಹೊಡೆದ ಏಟಿಗೆ ಶಾಯಿಯ ಬಾಟಲಿ ಕುಣಿಯಿತು. ಓದಮ್ಮ ಬಾಟಲಿಯನ್ನು ಎತ್ತಿ ಆಚೆ ಇಟ್ಟಳು. ತಿದ್ದಮ್ಮ ಇನ್ನೂ ಜೋರಾಗಿ ಹೊಡೆದಳು. ಹೀಗೆ ಎ ಮುಗಿಯಿತು, ಬಿ ಮುಗಿಯಿತು. ಓದಮ್ಮ ಕರಡಿಗೆ ಮೂಗು ತಾಗುವಷ್ಟು ಬಗ್ಗಿ, ಪೆನ್ನಿನ ತುದಿಯಿಂದ ಒಂದೊಂದಕ್ಷರವನ್ನೂ ಮುಟ್ಟಿ ಮುಟ್ಟಿ ಹೋಗುತ್ತಿದ್ದಳು. ಮೊದಲ ದಿನ ಎರಡು ಹಿಡಿದಳು. ಎರಡನೆಯ ದಿನ ಒಂದು. ಹಿಡಿದಾಗಲೆಲ್ಲ ತಲೆಯೆತ್ತಿ ತಿದ್ದಮ್ಮನ ಮುಖವನ್ನು ಒಮ್ಮೆ ನೋಡಿ, ಮತ್ತೆ ಬಗ್ಗುತ್ತಿದ್ದಳು.

ಎರಡನೆಯ ದಿನ ಮಧ್ಯಾಹ್ನ ಎನ್ ಅಕ್ಷರಕ್ಕೆ ಬಂದರು. ಊಟವಾದ ಮೇಲಿನ ಹೊತ್ತು, ಕಿಟಕಿಯ ಬಿಸಿಲು ನೇರವಾಗಿ ಹಾಳೆಯ ಮೇಲೆ ಬಿದ್ದು ಕಣ್ಣು ಕುಕ್ಕುತ್ತಿತ್ತು. ನನಗೂ ತೂಕಡಿಕೆ. ತಿದ್ದಮ್ಮ ನೆಸೆಸರಿ ಪದದ ತಪ್ಪನ್ನು ಓದಿದಳು. "ಎನ್, ಇ, ಸಿ, ಸಿ, ಇ, ಎಸ್, ಎ, ಆರ್, ವೈ." ಬಡಿತ. ಮುಂದಿನ ಪದ, ಬಡಿತ. ಅದರ ಮುಂದಿನದು, ಬಡಿತ. ಇನ್ನೂ ಒಂದು.

ಆಮೇಲೆ ಬಡಿತ ಬರಲಿಲ್ಲ.

ನಾನು ಕಣ್ಣು ತೆರೆದೆ. ತಿದ್ದಮ್ಮ ಅಡಿಕೋಲನ್ನು ಗಾಳಿಯಲ್ಲೇ ಹಿಡಿದು ಕೂತಿದ್ದಳು. ಅವಳ ನೋಟ ಹಸ್ತಪ್ರತಿಯ ಮೇಲಿರಲಿಲ್ಲ, ಎದುರಿನ ಕರಡಿನ ಮೇಲಿತ್ತು. ನಾನು ಕತ್ತು ಚಾಚಿ ಹುಡುಕಿದೆ. ಮೊಳೆ ಜೋಡಿಸುವವನ ಕೈ ಅಭ್ಯಾಸಬಲದಿಂದ ನೆಸೆಸರಿಯನ್ನು ಸರಿಯಾಗಿಯೇ ಜೋಡಿಸಿಬಿಟ್ಟಿತ್ತು. ಓದಮ್ಮನ ಪೆನ್ನು ಅದನ್ನು ದಾಟಿ ನಾಲ್ಕು ಸಾಲು ಮುಂದೆ ಹೋಗಿತ್ತು.

ನಾನು ಬಾಯಿ ತೆರೆಯಬಹುದಾಗಿತ್ತು. ತೆರೆಯಲಿಲ್ಲ. ಇನ್ನೊಂದು ಪದ ಓದಿದರೆ ಸಾಕು, ತಿದ್ದಮ್ಮನಿಗೆ ಅವಳ ಕುರ್ಚಿ ವಾಪಸ್ಸು. ಹನ್ನೊಂದು ವರ್ಷದ ಹಿಂದೆ ಅರ್ಜಿ ಮಡಚಿಕೊಟ್ಟ ಹಾಗೆ ಈ ಹಾಳೆಯನ್ನೂ ಮಡಚಿಕೊಟ್ಟರೆ ಸಾಕು. ಯಾರೂ ಅವಳನ್ನು ಕೇಳುವಂತಿರಲಿಲ್ಲ; ಓದುವವಳ ಕೆಲಸ ಓದುವುದಷ್ಟೇ ಎಂದು ಸ್ವತಃ ಓದಮ್ಮನೇ ಯಜಮಾನರ ಮುಂದೆ ಹೇಳಿದ್ದಳಲ್ಲ.

ಓದಮ್ಮ ಬಡಿತಕ್ಕೆ ಕಾದು ಕಾದು ತಲೆಯೆತ್ತಿದ್ದಳು. ತಿದ್ದಮ್ಮನ ದವಡೆ ಬಿಗಿದುಕೊಂಡಿತ್ತು. ಬೇಡದ ಔಷಧಿ ಉಗುಳುವವಳಂತೆ ಹೇಳಿದಳು:

"ನಾಲ್ಕು ಸಾಲು ಹಿಂದೆ ನೋಡಿ ಅತ್ತಿಗೆ."

ಓದಮ್ಮ ಹಿಂದೆ ನೋಡಿದಳು. ಕೆಂಪು ಪೆನ್ನು ನೆಸೆಸರಿಯ ಮೇಲೆ ನಿಂತಿತು, ಆಮೇಲೆ ಅದನ್ನು ಸರಿಯಾಗಿ ಕೆಡಿಸಿತು.

"ಬಿಸಿಲು ಕಣ್ಣಿಗೆ ಹೊಡೀತಾ ಇತ್ತು" ಅಂದಳು ಓದಮ್ಮ.

"ಬಿಸಿಲು ಹನ್ನೊಂದು ವರ್ಷ ನನ್ನ ಕಣ್ಣಿಗೂ ಹೊಡೆದಿತ್ತು."

"ಹೇಳೋಕೆ ನಾಲ್ಕು ಸಾಲು ಬೇಕಾಯ್ತಾ? ಕಂಡ ತಕ್ಷಣ ಬಾಯಿ ಬರಲಿಲ್ವಾ?"

"ನಿಮಗೆ ಎಂಟುನೂರು ಸಾಲು ಸಾಲಲಿಲ್ಲ."

"ಬಾಯಿ ಮುಚ್ಕೊಂಡು ನೀನು ಓದು" ಅಂದಳು ಓದಮ್ಮ.

ತಿದ್ದಮ್ಮ ಓದಿದಳು. ಬಡಿತ ಮೊದಲಿನಷ್ಟೇ ಜೋರಾಗಿತ್ತು.

ಪುಸ್ತಕ ಎರಡನೆಯ ಸಲ ಅಚ್ಚಾಗಿ ಬಂತು. ಎಂಟುನೂರು ತಪ್ಪೂ ಇದ್ದಲ್ಲೇ ಇದ್ದವು. ಯಜಮಾನರು ಮಾತಿಗೆ ತಪ್ಪುವವರಲ್ಲ, ಕುರ್ಚಿ ಓದಮ್ಮನಿಗೇ ಉಳಿಯಿತು. ಅಚ್ಚುಕೂಟದವರು ಹೆಸರು ಬದಲಾಯಿಸುವ ಗೋಜಿಗೆ ಹೋಗಲಿಲ್ಲ. ಹಾಗಾಗಿ ಆಮೇಲೆ ಒಂಬತ್ತು ವರ್ಷ ಅಲ್ಲಿ ಓದಮ್ಮ ತಿದ್ದಿದಳು, ತಿದ್ದಮ್ಮ ಓದಿದಳು. ಗಿರಾಕಿಗಳು ಏನನ್ನೋ ಬರೆದು, ಅದೇನೆಂದು ಅವರಿಗೇ ತಿಳಿಯದಿದ್ದಾಗ ಓದಮ್ಮ ಪೆನ್ನು ಕೆಳಗಿಟ್ಟು ಎದುರಿಗೆ ನೋಡುತ್ತಿದ್ದಳು. ಸ್ಟೂಲಿನಿಂದ ಉತ್ತರ ಬರುತ್ತಿತ್ತು, ಜೊತೆಗೆ ಒಂದು ಚುಚ್ಚು ಮಾತೂ ಬರುತ್ತಿತ್ತು. ತಿದ್ದಮ್ಮನಿಗೆ ಕುರ್ಚಿ ಕಳೆದ ನೋವು ಹೋಗಲಿಲ್ಲ. ಹೋಯಿತೆಂದು ನಾನು ಬರೆದರೆ ಅದು ಸುಳ್ಳು. ಆ ಕೋಣೆಗೆ ಹೋದಾಗಲೆಲ್ಲ ಅವಳ ಕಣ್ಣು ಕುರ್ಚಿಯ ಬೆನ್ನಿನ ಮೇಲೆ ಒಂದು ಸಲ ಓಡಿ ಬರುವುದನ್ನು ನಾನು ನೋಡಿದ್ದೇನೆ. ನಾಲ್ಕು ಸಾಲು ಹಿಂದೆ ನೋಡಿ ಎಂದದ್ದಕ್ಕೆ ಪಶ್ಚಾತ್ತಾಪವಿದೆಯೇ ಎಂದು ಕೇಳುವ ಧೈರ್ಯ ಮಾತ್ರ ನನಗೆ ಬರಲಿಲ್ಲ.

ಪುಸ್ತಕ ಬಂದ ತಿಂಗಳಲ್ಲೇ ನನ್ನ ಗೋಡೆ ಗಡಿಯಾರ ಮತ್ತೆ ನಿಂತಿತು. ಹಿಡಿದುಕೊಂಡು ಹೋದೆ. ಗಡಿಯಾರದವನು ಅಂಗಳಕ್ಕೇ ಬಂದು, ಒಳಗೆ ಕೇಳಿಸದ ಹಾಗೆ ಹೇಳಿದ:

"ಮೇಷ್ಟ್ರೇ, ನಿಮ್ಮ ಪುಸ್ತಕದಿಂದ ನನ್ನ ಮನೆ ಹಾಳಾಯ್ತು. ಮೊದಲು ಇಬ್ಬರೂ ನನ್ನ ಮೂಲಕ ಜಗಳ ಆಡ್ತಾ ಇದ್ರು. ನಾನು ಅರ್ಧ ಮಾತು ನುಂಗಿ, ಅರ್ಧ ತಲುಪಿಸ್ತಾ ಇದ್ದೆ. ಈಗ ನೇರವಾಗಿ ಶುರುವಾಗಿದೆ. ಪೂರ್ತಿ ತಲುಪ್ತಾ ಇದೆ."

ಒಳಗಿಂದ ದನಿ ಕೇಳಿಸಿತು.

"ಹಾಲು ಉಕ್ತಾ ಇದೆ, ಕಣ್ಣಿಲ್ವೇನೇ ನಿನಗೆ?"

"ಕಣ್ಣಿದೆ. ನಿಮ್ಮ ಕೈಗೆ ಏನಾಗಿದೆ ಅತ್ತಿಗೆ?"

"ನೀನು ಹತ್ತಿರ ಇದ್ದೀಯ."

"ನೀವು ಮೊದಲು ನೋಡಿದ್ರಿ."

ಹಾಲು ಉಕ್ಕಿ ಒಲೆಯ ಮೇಲೆ ಸುರಿದ ಸದ್ದು ಅಂಗಳದವರೆಗೂ ಬಂತು.